ಹೌಸ್‌ಕೀಪಿಂಗ್ ಕಂಪನಿಗೆ ಜನ ತರುವ ದಾರಿಗಳು: ಯಾವುದರಲ್ಲಿ ಜೀತ ನುಸುಳುತ್ತದೆ?

ಕೆಲಸದ ಮೊದಲ ದಿನ, ಪೊರಕೆ ಕೈಗೆತ್ತಿಕೊಳ್ಳುವ ಮುನ್ನವೇ, ಆ ಕೆಲಸಗಾರರ ತಲೆಯ ಮೇಲೆ ಸಾಲ ಇದೆಯೇ? ಇದ್ದರೆ ಯಾರಿಗೆ, ಎಷ್ಟು? ಈ ಬರಹದಲ್ಲಿ ಬರುವ ಒಂದೊಂದು ಆಯ್ಕೆಯನ್ನೂ ಇದೇ ಪ್ರಶ್ನೆಯಿಂದ ತೂಗಿದ್ದೇವೆ. ಬೆಂಗಳೂರಿನ ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್, ಆಸ್ಪತ್ರೆಗಳಿಗೆ ಸ್ವಚ್ಛತೆಯ ಕೆಲಸ ಮಾಡಿಕೊಡುವ ಕಂಪನಿಗಳನ್ನು ನಡೆಸುವವರಿಗಾಗಿ ಇದನ್ನು ಬರೆದಿದ್ದೇವೆ. ಅಂಥ ಕಂಪನಿಯನ್ನು ಗೊತ್ತುಮಾಡುವ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನವರಿಗೂ ದರದ ಲೆಕ್ಕದ ಭಾಗ ಬೇಕಾಗುತ್ತದೆ.

ಜೀತ ಎಂದಕೂಡಲೇ ಕಲ್ಲಿನ ಕ್ವಾರಿ, ಇಟ್ಟಿಗೆ ಗೂಡು ಕಣ್ಣಮುಂದೆ ಬರುತ್ತವೆ. ಕಾನೂನಿನ ಪ್ರಕಾರ ಅದಕ್ಕೆ ಬೀಗ, ಸರಪಳಿ ಬೇಕಿಲ್ಲ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಕಾರರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ, ಹಸಿವಿನ ಒತ್ತಾಯವೂ ಒತ್ತಾಯವೇ ಎಂದಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ 3 ವರ್ಷದವರೆಗೆ ಜೈಲು ಇದೆ. ‘ಇದು ಜೀತದ ಸಾಲವಲ್ಲ’ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು, ಕೆಲಸಗಾರನದಲ್ಲ.

ಸಾಲ ಹೇಗೆ ಬೆಳೆಯುತ್ತದೆ

ಲೆಕ್ಕ ಬಿಡಿಸಿ ನೋಡದಿದ್ದರೆ ಇದು ಅರ್ಥವಾಗುವುದಿಲ್ಲ. ಒಂದು ಮಾದರಿ ಇಟ್ಟುಕೊಳ್ಳೋಣ. ಒಡಿಶಾದಿಂದ ಬಂದ ಹುಡುಗ. ಏಜೆಂಟನ ಕಮಿಷನ್ 4,000, ರೈಲು ಮತ್ತು ದಾರಿಯ ಊಟ 1,500, ಎರಡು ಜೊತೆ ಯೂನಿಫಾರಂ ಮತ್ತು ಶೂ 2,200, ಪೊಲೀಸ್ ವೆರಿಫಿಕೇಶನ್ ಎಂದು 500, ರೂಮಿನ ಅಡ್ವಾನ್ಸ್ ಪಾಲು 3,000. ಒಟ್ಟು 11,200 ರೂಪಾಯಿ. ಮೊದಲ ತಿಂಗಳ ಕೊನೆಗೆ ಕೈಗೆ ಬರಬೇಕಾದದ್ದು 12,500. ಅದರಲ್ಲಿ 15 ದಿನದ ಸಂಬಳ ‘ಹೋಲ್ಡ್’. ಉಳಿದ 6,250ರಲ್ಲಿ ಸಾಲಕ್ಕೆ 3,000 ಮುರಿದುಕೊಂಡರು. ಬಾಡಿಗೆ ಪಾಲು 1,500 ಹೋಯಿತು. ಒಂದು ತಿಂಗಳ ಊಟಕ್ಕೆ, ಊರಿಗೆ ಕಳಿಸಲಿಕ್ಕೆ, ಫೋನಿಗೆ ಉಳಿದದ್ದು 1,750 ರೂಪಾಯಿ. ಹತ್ತನೇ ತಾರೀಖಿನ ಹೊತ್ತಿಗೆ ಅವನು ಸೂಪರ್‌ವೈಸರ್ ಹತ್ತಿರ ಬಡ್ಡಿ ಸಾಲಕ್ಕೆ ನಿಂತಿರುತ್ತಾನೆ. ಸಾಲ ತೀರಿಸಲು ಡಬಲ್ ಡ್ಯೂಟಿ. ಬಿಟ್ಟು ಹೋಗುತ್ತೇನೆಂದರೆ ಹೋಲ್ಡ್ ಆದ 15 ದಿನದ ಸಂಬಳ ಮುಳುಗುತ್ತದೆ.

ಯಾರೂ ಅವನ ಮೇಲೆ ಕೈ ಮಾಡಲಿಲ್ಲ, ಗೇಟಿಗೆ ಬೀಗ ಹಾಕಲಿಲ್ಲ. ಆದರೂ ಅವನು ಹೊರಡಲಾರ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಗೆ ಪಟ್ಟಿಮಾಡಿರುವ 11 ಲಕ್ಷಣಗಳಲ್ಲಿ ಸಾಲದ ಬಂಧ, ತಡೆಹಿಡಿದ ಸಂಬಳ, ಅತಿಯಾದ ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ) ಈ ಮೂರೂ ಈ ಒಂದು ಲೆಕ್ಕದಲ್ಲೇ ಇವೆ. ಆಧಾರ್ ಕಾರ್ಡೂ ಏಜೆಂಟನ ಹತ್ತಿರವೇ ಉಳಿದಿದ್ದರೆ ನಾಲ್ಕಾಯಿತು.

ಜನ ತರುವ ನಾಲ್ಕು ದಾರಿ

ಮೇಸ್ತ್ರಿ ಅಥವಾ ಏಜೆಂಟ್ ಮೂಲಕ ತರುವುದು ಎಲ್ಲಕ್ಕಿಂತ ಬೇಗ ಆಗುವ ಕೆಲಸ. ಸೋಮವಾರ ಹೊಸ ಸೈಟ್ ಶುರುವೆಂದರೆ ಭಾನುವಾರ ರಾತ್ರಿ 20 ಜನ ಬಂದಿಳಿಯುತ್ತಾರೆ. ಕಂಪನಿಗೆ ತಲೆಗಿಷ್ಟು ಎಂದು ಒಂದು ಬಿಲ್ ಬರುತ್ತದೆ. ಅದೇ ಏಜೆಂಟ್ ಕೆಲಸಗಾರರಿಂದಲೂ ವಸೂಲಿ ಮಾಡಿರುತ್ತಾನೆ, ಆದರೆ ಅದಕ್ಕೆ ರಸೀದಿ ಇರುವುದಿಲ್ಲ. ‘ನಮ್ಮ ಏಜೆಂಟ್ ಹಾಗೆ ಮಾಡಲ್ಲ’ ಎನ್ನುವ ಮಾಲೀಕರು ಒಬ್ಬ ಕೆಲಸಗಾರನನ್ನಾದರೂ ಪಕ್ಕಕ್ಕೆ ಕರೆದು ಕೇಳಿರುವುದಿಲ್ಲ. ನಾಲ್ಕರಲ್ಲಿ ಇದು ಅತ್ಯಂತ ಅಪಾಯದ ದಾರಿ.

ಎರಡನೆಯದು ಉಪಗುತ್ತಿಗೆ. ಕಂಪನಿ ಸೈಟ್ ಹಿಡಿದು, ಜನವನ್ನು ಮೂರ್ನಾಲ್ಕು ಸಣ್ಣ ಏಜೆನ್ಸಿಗಳಿಂದ ತೆಗೆದುಕೊಳ್ಳುತ್ತದೆ. ಕಾಗದದ ಮೇಲೆ ಅಚ್ಚುಕಟ್ಟು: ಪಿಎಫ್, ಇಎಸ್ಐ ಅವರದೇ. ಇಲ್ಲಿ ಎರಡು ತಪ್ಪು ಆಗುತ್ತವೆ. ಮೊದಲನೆಯದು, ಗುತ್ತಿಗೆ ಕಾರ್ಮಿಕರ ಕಾನೂನಿನ ಮಿತಿಯ ಕೆಳಗೆ ಉಳಿಯಲೆಂದೇ ಜನವನ್ನು ಹಂಚುವುದು. 1970ರ ಕೇಂದ್ರ ಕಾಯ್ದೆಯಲ್ಲಿ ಆ ಮಿತಿ 20 ಜನ ಇತ್ತು. ಅದರ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 50 ಆಗಿದೆ. ಮಿತಿ ಏರಿದಷ್ಟೂ ಕಣ್ಣಿಗೆ ಬೀಳದ ಸಣ್ಣ ಏಜೆನ್ಸಿಗಳು ಹೆಚ್ಚುತ್ತವೆ. ಎರಡನೆಯದು, ಪ್ರತಿ ಮೆಟ್ಟಿಲಲ್ಲೂ ಒಬ್ಬರು ಕಮಿಷನ್ ಮುರಿದುಕೊಳ್ಳುವುದು. ಗ್ರಾಹಕರು ಕೊಟ್ಟ ದರದಲ್ಲಿ ಅಷ್ಟು ಅವಕಾಶವೇ ಇರುವುದಿಲ್ಲ, ಹಾಗಾಗಿ ಕಡಿತ ಬೀಳುವುದು ಕೊನೆಯ ಮೆಟ್ಟಿಲಲ್ಲಿ ನಿಂತವರ ಸಂಬಳಕ್ಕೆ. ‘ಅದು ಏಜೆನ್ಸಿಯ ತಲೆನೋವು’ ಎಂದು ಕೈತೊಳೆದುಕೊಳ್ಳಲೂ ಆಗುವುದಿಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಪ್ರಧಾನ ಮಾಲೀಕರೇ (ಗುತ್ತಿಗೆ ಕೊಟ್ಟು ಕೆಲಸ ಮಾಡಿಸಿಕೊಳ್ಳುವವರೇ) ಕೊಡಬೇಕು ಎಂಬುದು ಹಳೆಯ ಕಾಯ್ದೆಯಲ್ಲೂ ಇತ್ತು, ಹೊಸದರಲ್ಲೂ ಇದೆ.

ಮೂರನೆಯದು ಕಂಪನಿಯೇ ನೇರವಾಗಿ ನೇಮಿಸಿಕೊಳ್ಳುವುದು. ಇಬ್ಬರು ಸಿಬ್ಬಂದಿಯನ್ನು ರಾಯಚೂರು, ಯಾದಗಿರಿ ಕಡೆ ಕಳಿಸಬೇಕು, ಬಸ್ ಚಾರ್ಜ್ ಕೊಡಬೇಕು, ಮೊದಲ ವಾರ ಇಳಿದುಕೊಳ್ಳಲು ಜಾಗ ನೋಡಬೇಕು. ತಲೆಗೆ ಬೀಳುವ ಖರ್ಚು ಏಜೆಂಟ್ ಬಿಲ್ಲಿಗಿಂತ ಜಾಸ್ತಿಯಾಗಿ ಕಾಣುತ್ತದೆ. ಆದರೆ ಆ ಖರ್ಚು ಏಜೆಂಟ್ ದಾರಿಯಲ್ಲೂ ಇತ್ತು. ಅದನ್ನು ಕೆಲಸಗಾರರು ಕಟ್ಟುತ್ತಿದ್ದರು ಅಷ್ಟೇ. ಬೆಂಗಳೂರಿನ ಪೌರಕಾರ್ಮಿಕರ ಉದಾಹರಣೆ ಕಣ್ಣೆದುರಿಗೇ ಇದೆ. ಗುತ್ತಿಗೆದಾರರನ್ನು ಬಿಡಿಸಿ ಪಾಲಿಕೆಯೇ ಖಾತೆಗೆ ಸಂಬಳ ಹಾಕತೊಡಗಿದಾಗ, ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿದ್ದ ಹೆಸರುಗಳು ಉದುರಿಹೋದವು. ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು.

ನಾಲ್ಕನೆಯದು, ಇರುವ ಕೆಲಸಗಾರರೇ ತಮ್ಮ ಊರಿನವರನ್ನು, ನೆಂಟರನ್ನು ಕರೆತರುವುದು. ಇದು ಒಳ್ಳೆಯ ದಾರಿ. ಹೊಸಬರಿಗೆ ಕೆಲಸ ಹೇಗಿರುತ್ತದೆಂದು ಮೊದಲೇ ಗೊತ್ತಿರುತ್ತದೆ, ಜೊತೆಗೆ ಮಾತಾಡಲು ಒಬ್ಬರಿರುತ್ತಾರೆ. ಒಂದೇ ತೊಡಕು: ಕರೆತಂದವರೇ ಮೆಲ್ಲಗೆ ಮೇಸ್ತ್ರಿಯಾಗುತ್ತಾರೆ. ಹಾಗಾಗದಂತೆ, ಕರೆತಂದಿದ್ದಕ್ಕೆ ಕೊಡುವ ಬಹುಮಾನವನ್ನು ಹೊಸಬರು 90 ದಿನ ಪೂರೈಸಿದ ಮೇಲೆ ಕೊಡಿ, ಒಬ್ಬರಿಗೆ ವರ್ಷಕ್ಕೆ ಐದು ಜನರ ಮಿತಿ ಹಾಕಿ, ಕೊಡುವ ಮುನ್ನ ಹೊಸಬರನ್ನೇ ‘ನಿಮ್ಮ ಹತ್ತಿರ ಏನಾದರೂ ಇಸಿದುಕೊಂಡರಾ’ ಎಂದು ಕೇಳಿ.

ನಮ್ಮ ಮತ ಮೂರನೆಯದಕ್ಕೂ ನಾಲ್ಕನೆಯದಕ್ಕೂ. ದೊಡ್ಡ ಸೈಟ್ ಏಕಾಏಕಿ ಬಂದು ಏಜೆಂಟ್ ಬೇಕೇಬೇಕು ಎನಿಸಿದರೆ, ಕರಾರಿನಲ್ಲಿ ಇಷ್ಟನ್ನಾದರೂ ಬರೆಸಿ: ಕೆಲಸಗಾರರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ, ಪಡೆದದ್ದು ಗೊತ್ತಾದರೆ ಕಂಪನಿ ಅದನ್ನು ಕೆಲಸಗಾರರಿಗೆ ಹಿಂತಿರುಗಿಸಿ ಏಜೆಂಟ್ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದೆ, ಏಜೆಂಟ್ ಬಿಲ್ಲಿನ ಅರ್ಧ 60 ದಿನದ ನಂತರವೇ. ಈ ಮೂರನೇ ಷರತ್ತು ಇಲ್ಲದಿದ್ದರೆ ಮೊದಲೆರಡು ಕಾಗದದಲ್ಲೇ ಉಳಿಯುತ್ತವೆ.

ಮುಂಗಡ: ಕೊಡುವುದೋ ಬೇಡವೋ

ಜೀತದ ಭಯಕ್ಕೆ ಮುಂಗಡವನ್ನೇ ನಿಲ್ಲಿಸಿಬಿಡುವ ಕಂಪನಿಗಳಿವೆ. ಅದು ತಪ್ಪು ಆಯ್ಕೆ. ಮಗುವಿನ ಫೀಸು, ಮನೆಯಲ್ಲಿ ಸಾವು, ಹೆರಿಗೆ ಇವು ನಿಲ್ಲುವುದಿಲ್ಲ. ಕಂಪನಿ ಕೊಡದಿದ್ದರೆ ಸೂಪರ್‌ವೈಸರ್ ಕೊಡುತ್ತಾನೆ, ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿಗೆ. ಕೇಳಿದಷ್ಟು ಕೊಟ್ಟು ‘ತೀರುವ ತನಕ ಬಿಡುವಂತಿಲ್ಲ’ ಎನ್ನುವುದು ನೇರವಾಗಿ 1976ರ ಕಾಯ್ದೆಯ ಅಪರಾಧ.

ನಡುವಿನ ದಾರಿಗೆ ನಾಲ್ಕು ನಿಯಮ ಸಾಕು. ಗರಿಷ್ಠ ಒಂದು ತಿಂಗಳ ಸಂಬಳದಷ್ಟು. ಬಡ್ಡಿ ಇಲ್ಲ. ತಿಂಗಳಿಗೆ ಸಂಬಳದ ನೂರಕ್ಕೆ 10ಕ್ಕಿಂತ ಹೆಚ್ಚು ಮುರಿಯುವುದಿಲ್ಲ. ಕೆಲಸ ಬಿಟ್ಟರೆ ಉಳಿದ ಬಾಕಿ ಮನ್ನಾ, ಇದನ್ನು ಕೆಲಸಗಾರರ ಭಾಷೆಯಲ್ಲೇ ಬರೆದು ಕೊಡಬೇಕು. ಈ ಕೊನೆಯದಕ್ಕೆ ಲೆಕ್ಕದವರು ಒಪ್ಪುವುದಿಲ್ಲ, ‘ಎಲ್ಲರೂ ಇಸಿದುಕೊಂಡು ಓಡಿಹೋಗುತ್ತಾರೆ’ ಎನ್ನುತ್ತಾರೆ. ಒಂದು ತಿಂಗಳ ಸಂಬಳದ ಮಿತಿ ಇಟ್ಟಿರುವುದೇ ಅದಕ್ಕೆ. ಮುಳುಗಿದರೂ ಕಂಪನಿ ತಡೆದುಕೊಳ್ಳುವಷ್ಟು ಮಾತ್ರ ಕೊಡಿ. ಮನ್ನಾದ ಮಾತಿಲ್ಲದ ಮುಂಗಡಕ್ಕೂ ಜೀತಕ್ಕೂ ನಡುವೆ ಗೋಡೆಯೇ ಇಲ್ಲ.

ಯೂನಿಫಾರಂ, ಶೂ, ಗ್ಲೌಸ್, ಐಡಿ ಕಾರ್ಡಿಗೆ ಕೆಲಸಗಾರರಿಂದ ದುಡ್ಡು ತೆಗೆದುಕೊಳ್ಳಬೇಡಿ, ಕಂತಿನಲ್ಲೂ ಬೇಡ. ಸಂಬಳದ ಕಾನೂನಾದ ವೇತನ ಸಂಹಿತೆಯಲ್ಲಿ ಪಟ್ಟಿಮಾಡಿರುವ ಕಡಿತಗಳನ್ನು ಬಿಟ್ಟು ಬೇರೆ ಮಾಡುವಂತಿಲ್ಲ, ಎಲ್ಲ ಕಡಿತ ಸೇರಿಯೂ ಸಂಬಳದ ಅರ್ಧ ದಾಟುವಂತಿಲ್ಲ.

ಸಂಬಳ ಕೊಡುವ ಬಗೆ

ನಗದಿಗಿಂತ ಬ್ಯಾಂಕ್ ಖಾತೆ ಮೇಲು ಎಂಬುದು ನಿಜ, ಆದರೆ ಅರ್ಧ ನಿಜ. ಖಾತೆ ಕೆಲಸಗಾರರದು, ಎಟಿಎಂ ಕಾರ್ಡು ಮತ್ತು ಪಿನ್ ಸೂಪರ್‌ವೈಸರ್ ಕೈಯಲ್ಲಿ: ಇದು ಸರ್ವೇಸಾಮಾನ್ಯ. ಸಂಬಳ ಬಿದ್ದ ಸಂಜೆ ಅವನು ಹತ್ತು ಕಾರ್ಡು ಹಿಡಿದು ಎಟಿಎಂಗೆ ಹೋಗಿ ತನ್ನ ಪಾಲು ತೆಗೆದು ಉಳಿದದ್ದನ್ನು ಹಂಚುತ್ತಾನೆ. ಬ್ಯಾಂಕ್ ದಾಖಲೆಯಲ್ಲಿ ಎಲ್ಲವೂ ಸರಿ. ಇದನ್ನು ಹಿಡಿಯಲು ದೊಡ್ಡ ತನಿಖೆ ಬೇಡ. ಸಂಬಳದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮೊಬೈಲ್ ನಂಬರಿನ ಪ್ರಕಾರ ಜೋಡಿಸಿ. ಐದಾರು ಹೆಸರಿಗೆ ಒಂದೇ ನಂಬರ್ ಬಂದರೆ ಅದು ಯಾರದೆಂದು ವಿಚಾರಿಸಿ. ಖಾತೆ ಸಂಖ್ಯೆಯನ್ನೂ ಹಾಗೆಯೇ ಜೋಡಿಸಿ.

ಸಂಬಳ ಮುಂದಿನ ತಿಂಗಳ 7ರೊಳಗೆ ಆಗಬೇಕು. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಪೂರ್ತಿ ಲೆಕ್ಕ ಚುಕ್ತಾ ಆಗಬೇಕು. ‘ಹೋಲ್ಡ್ ಸಂಬಳ’ ಎಂಬ ಪದ್ಧತಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಗ್ರಾಹಕರು 45 ದಿನಕ್ಕೆ, 60 ದಿನಕ್ಕೆ ಬಿಲ್ ಪಾಸ್ ಮಾಡುತ್ತಾರೆ, ನಾವೆಲ್ಲಿಂದ ತರೋಣ ಎಂಬ ಕಷ್ಟ ನಿಜವಾದದ್ದೇ. ಅದಕ್ಕೆ ಬಿಲ್ಲನ್ನು ಎರಡಾಗಿ ಒಡೆದು, ಸಂಬಳದ ಭಾಗವನ್ನು ಗ್ರಾಹಕರು 5ರೊಳಗೆ ಕೊಡುವಂತೆ, ಸೇವಾಶುಲ್ಕ ಮತ್ತು ಸಾಮಾನಿನ ಭಾಗ ನಂತರ ಬರುವಂತೆ ಕರಾರು ಮಾಡಿಕೊಳ್ಳಿ. ಒಪ್ಪುವ ಗ್ರಾಹಕರಿದ್ದಾರೆ, ಕೇಳುವವರೇ ಕಡಿಮೆ.

ಕಡಿಮೆ ಕೋಟ್ ಎಲ್ಲಿಂದ ಬರುತ್ತದೆ

ಅಸೋಸಿಯೇಷನ್ನಿನವರು ಮೂರು ಕೋಟ್ (ದರಪಟ್ಟಿ) ತರಿಸಿ ಕಡಿಮೆಯದನ್ನು ಆರಿಸುತ್ತಾರೆ. ಆ ಕಡಿಮೆ ಯಾರ ಜೇಬಿನಿಂದ ಬಂತೆಂದು ತಿಳಿಯಲು ಒಂದು ಲೆಕ್ಕ ಮಾಡಿ. ತಿಂಗಳ ಮೂಲ ಮತ್ತು ತುಟ್ಟಿಭತ್ಯೆ ಸೇರಿ 15,000 ಎಂದಿಟ್ಟುಕೊಳ್ಳೋಣ. ಇದು ಲೆಕ್ಕ ತೋರಿಸಲು ಹಿಡಿದ ಸಂಖ್ಯೆ. ನಿಮ್ಮ ವಲಯಕ್ಕೆ ಅನ್ವಯಿಸುವ ಕನಿಷ್ಠ ವೇತನವನ್ನು, ಏಪ್ರಿಲ್ 1ಕ್ಕೆ ಬದಲಾಗುವ ತುಟ್ಟಿಭತ್ಯೆ ಸಮೇತ, ಅಲ್ಲಿ ಹಾಕಿಕೊಳ್ಳಿ.

ಪಿಎಫ್ ಮಾಲೀಕರ ಪಾಲು ಆಡಳಿತ ಶುಲ್ಕ ಸೇರಿ 13%: 1,950
ಇಎಸ್ಐ ಮಾಲೀಕರ ಪಾಲು 3.25%: 487
ಬೋನಸ್ 8.33%: 1,250
ಗ್ರಾಚ್ಯುಟಿ 4.81%: 721

ಇಲ್ಲಿಗೆ ಸುಮಾರು 19,400. ತಿಂಗಳ 30 ದಿನವೂ ಆ ಜಾಗದಲ್ಲಿ ಒಬ್ಬರು ಇರಬೇಕೆಂದರೆ ವಾರದ ರಜೆಗೆ 4, ಹಬ್ಬ ಮತ್ತು ಗಳಿಕೆ ರಜೆಗೆ 2, ಒಟ್ಟು 6 ದಿನ ಬದಲಿ ಬೇಕು. ದಿನಕ್ಕೆ 577ರಂತೆ, ಅದರ ಮೇಲಿನ ಪಿಎಫ್ ಇತ್ಯಾದಿ ಸೇರಿ, ಸುಮಾರು 4,480. ಒಟ್ಟು 23,900 ಹತ್ತಿರ. ಇನ್ನೂ ಯೂನಿಫಾರಂ, ಫಿನಾಯಿಲ್, ಯಂತ್ರ, ಕಂಪನಿಯ ಲಾಭ, 18% ಜಿಎಸ್‌ಟಿ ಬಂದಿಲ್ಲ.

ಯಾರಾದರೂ ‘ಎಲ್ಲ ಸೇರಿ 18,500’ ಎಂದರೆ ಆ ವ್ಯತ್ಯಾಸ ಬಂದದ್ದು ಬದಲಿ ಇಲ್ಲದೆ 30 ದಿನ ದುಡಿಸುವುದರಿಂದ, ಪಿಎಫ್ ಕಟ್ಟದೆ ಇರುವುದರಿಂದ, 8 ಗಂಟೆಯ ಸಂಬಳಕ್ಕೆ 12 ಗಂಟೆ ಮಾಡಿಸುವುದರಿಂದ. ಓಟಿಗೆ ಎರಡು ಪಟ್ಟು ಕೊಡಬೇಕೆಂಬುದು ಇಂಥ ಕೋಟಿನಲ್ಲಿ ಎಂದೂ ಕಾಣುವುದಿಲ್ಲ. ಆದ್ದರಿಂದ ಒಟ್ಟು ಮೊತ್ತದ ಕೋಟಿಗಿಂತ ಸಂಬಳ, ಶಾಸನಬದ್ಧ ವಂತಿಗೆ, ಬದಲಿ, ಸೇವಾಶುಲ್ಕ ಬಿಡಿಬಿಡಿಯಾಗಿ ತೋರಿಸುವ ಕೋಟನ್ನೇ ಕೇಳಿ. ಪೈಪೋಟಿ ಸೇವಾಶುಲ್ಕದಲ್ಲಿ ನಡೆಯಲಿ, ಸಂಬಳದಲ್ಲಿ ಬೇಡ.

ಪರಿಶೀಲನೆ: ಫಾರಂ, ಆಡಿಟ್, ಮಾತು

ಬೆಂಗಳೂರಿನ ವಿದೇಶಿ ಕಂಪನಿಗಳು ಈಗ ಹೌಸ್‌ಕೀಪಿಂಗ್‌ನವರಿಗೂ ಪ್ರಶ್ನಾವಳಿ ಕಳಿಸುತ್ತವೆ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಹೆಚ್ಚು ವಹಿವಾಟಿನ ಕಂಪನಿಗಳಿಂದ, ಇದನ್ನು ತಡೆಯಲು ಏನು ಮಾಡಿದಿರೆಂದು ಪ್ರತಿವರ್ಷ ಹೇಳಿಕೆ ಕೇಳುತ್ತದೆ. ಆಸ್ಟ್ರೇಲಿಯಾದಲ್ಲಿ 2018ರ ಕಾಯ್ದೆಯಿದೆ. ಬಲವಂತದ ದುಡಿಮೆಯಿಂದ ತಯಾರಾದ ಸರಕುಗಳ ಮೇಲೆ ಐರೋಪ್ಯ ಒಕ್ಕೂಟ ಹಾಕಿರುವ ನಿಷೇಧ 2027ರ ಡಿಸೆಂಬರ್ 14ರಿಂದ ಅನ್ವಯವಾಗುತ್ತದೆ. ‘ನಿಮ್ಮಲ್ಲಿ ಬಲವಂತದ ದುಡಿಮೆ ಇದೆಯೇ?’ ‘ಇಲ್ಲ’ ಎಂದು ಟಿಕ್ ಹಾಕಿ ಸಹಿ ಮಾಡಿದರೆ ಮುಗಿಯಿತು. ಈ ಫಾರಂನಿಂದ ಯಾವ ಕೆಲಸಗಾರನ ಸಾಲವೂ ಕರಗಿಲ್ಲ.

ಕಾಗದದ ಆಡಿಟ್ ಇದಕ್ಕಿಂತ ವಾಸಿ, ಆದರೆ ಮೂರು ಕಾಗದವನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ: ಹಾಜರಿ, ಬ್ಯಾಂಕ್ ವರ್ಗಾವಣೆಯ ಪಟ್ಟಿ, ಆ ತಿಂಗಳ ಪಿಎಫ್ ಚಲನ್. ನಾಲ್ಕನೆಯದಾಗಿ ಅಪಾರ್ಟ್‌ಮೆಂಟ್ ಗೇಟಿನ ಆ್ಯಪ್ ಅಥವಾ ರಿಜಿಸ್ಟರ್. ಹಾಜರಿಯಲ್ಲಿ ಎಲ್ಲರದೂ 26 ದಿನ, ಓಟಿ ಸೊನ್ನೆ. ಗೇಟಿನಲ್ಲಿ ಬೆಳಿಗ್ಗೆ 6:50ಕ್ಕೆ ಒಳಗೆ, ರಾತ್ರಿ 7:10ಕ್ಕೆ ಹೊರಗೆ. ಗೇಟಿನ ರಿಜಿಸ್ಟರಿಗೆ ಸುಳ್ಳು ಬರೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ, ಅದನ್ನೇ ನಂಬಿ.

ಆದರೂ ಏಜೆಂಟಿಗೆ ಕೊಟ್ಟ ದುಡ್ಡು, ಕಿತ್ತಿಟ್ಟುಕೊಂಡ ಆಧಾರ್ ಯಾವ ಕಾಗದದಲ್ಲೂ ಸಿಗುವುದಿಲ್ಲ. ಅದಕ್ಕೆ ಮಾತಾಡಲೇಬೇಕು. ಕ್ಯಾಬಿನ್ನಿಗೆ ಕರೆಸಬೇಡಿ, ಕೆಲಸ ಹೋಗುತ್ತದೆಂದು ಹೆದರಿ ‘ಎಲ್ಲ ಚೆನ್ನಾಗಿದೆ ಸಾರ್’ ಎನ್ನುತ್ತಾರೆ. ಚಹಾದ ಹೊತ್ತಿನಲ್ಲಿ, ಸೂಪರ್‌ವೈಸರ್ ಇಲ್ಲದಾಗ, ಅವರ ಭಾಷೆ ಬಲ್ಲವರು, ಹೆಂಗಸರ ಜೊತೆ ಹೆಂಗಸರೇ, ಮಾತಾಡಬೇಕು. 50 ಜನರ ಸೈಟಿನಲ್ಲಿ ಎಂಟು ಹತ್ತು ಜನರನ್ನು ಕೇಳಿ. ಇಬ್ಬರನ್ನೇ ಕೇಳಿದರೆ ಹೇಳಿದವರಾರೆಂದು ಮರುದಿನವೇ ಗೊತ್ತಾಗುತ್ತದೆ. ಕೇಳಬೇಕಾದದ್ದು:

“ಇಲ್ಲಿಗೆ ಬರೋಕೆ ಯಾರಿಗಾದ್ರೂ ದುಡ್ಡು ಕೊಟ್ರಾ? ಅದು ತೀರಿತಾ?”
“ಆಧಾರ್, ಎಟಿಎಂ ಕಾರ್ಡ್ ಈಗ ಯಾರ ಹತ್ರ ಇದೆ?”
“ಹೋದ ತಿಂಗಳು ಎಷ್ಟು ಡ್ಯೂಟಿ ಮಾಡಿದ್ರಿ, ಕೈಗೆ ಎಷ್ಟು ಬಂತು?”
“ನಾಳೆನೇ ಊರಿಗೆ ಹೋಗ್ಬೇಕು ಅಂದ್ರೆ ಏನಾಗುತ್ತೆ?”

ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಕಿವಿಗೊಟ್ಟು ಕೇಳಿ. ‘ರಜೆ ಕೊಡಲ್ಲ’ ಎಂದರೆ ಒಂದು ಮಾತು. ‘ಅವರು ಬಿಡಲ್ಲ’ ಎಂದರೆ ಅದು ಬೇರೆಯೇ ಮಾತು. ಫಾರಂ, ಆಡಿಟ್, ಮಾತು ಮೂರರಲ್ಲಿ ಒಂದಕ್ಕೇ ಹಣ ಇದೆಯೆಂದರೆ ಮಾತಿಗೇ ಖರ್ಚು ಮಾಡಿ.

ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಟ್ಯಾಂಕ್, ಮ್ಯಾನ್‌ಹೋಲ್ ವಿಷಯವನ್ನು ಇಲ್ಲೇ ಹೇಳಬೇಕು. ಹೌಸ್‌ಕೀಪಿಂಗ್ ಹುಡುಗನಿಗೆ ‘ಸ್ವಲ್ಪ ಇಳಿದು ನೋಡು’ ಎನ್ನುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಸಾಲ ಇರುವವನಿಗೆ ‘ಆಗಲ್ಲ’ ಎನ್ನುವ ಧೈರ್ಯ ಇರುವುದಿಲ್ಲ, ಇಳಿಯುತ್ತಾನೆ. ಆದ್ದರಿಂದ ನಮ್ಮ ಜನ ಯಾವ ಟ್ಯಾಂಕಿಗೂ ಇಳಿಯುವುದಿಲ್ಲ ಎಂದು ಗ್ರಾಹಕರ ಕರಾರಿನಲ್ಲೇ ಬರೆಸಿ, ಅದರ ಒಂದು ಪ್ರತಿಯನ್ನು ಪಂಪ್ ರೂಮಿನ ಬಾಗಿಲಿಗೆ ಅಂಟಿಸಿ.

ಗ್ಲೌಸ್, ಬಟ್ಟೆ, ಸಾಬೂನು

ಸಾಮಾನಿನ ಸರಪಳಿ ಉದ್ದ. ಸಣ್ಣ ಕಂಪನಿ ಎಲ್ಲವನ್ನೂ ಬೆನ್ನಟ್ಟಲಾರದು. ಎರಡನ್ನು ಹಿಡಿದುಕೊಳ್ಳಿ. ರಬ್ಬರ್ ಗ್ಲೌಸ್ ಮೊದಲನೆಯದು. 2020ರ ಜುಲೈನಲ್ಲಿ ಅಮೆರಿಕದ ಕಸ್ಟಮ್ಸ್ ಇಲಾಖೆ ಮಲೇಷ್ಯಾದ ಒಂದು ದೊಡ್ಡ ಗ್ಲೌಸ್ ಕಂಪನಿಯ ಮಾಲನ್ನು ತಡೆಯಿತು. ಬಾಂಗ್ಲಾದೇಶ, ನೇಪಾಳಗಳಿಂದ ಬಂದ ಕೆಲಸಗಾರರು ಏಜೆಂಟರಿಗೆ ದುಡ್ಡು ಕಟ್ಟಿ ಸಾಲದಲ್ಲಿ ಸಿಕ್ಕಿಬಿದ್ದಿದ್ದರು. ಕಂಪನಿ ಆ ದುಡ್ಡನ್ನು ಅವರಿಗೆ ವಾಪಸ್ ಕೊಟ್ಟಿತು. 2021ರ ಸೆಪ್ಟೆಂಬರ್‌ನಲ್ಲಿ ತಡೆ ತೆರವಾಯಿತು. ಮೇಲಿನ ಒಡಿಶಾದ ಹುಡುಗನ ಲೆಕ್ಕವೂ ಇದೇ. ಪೆಟ್ಟಿಗೆಯ ಮೇಲೆ ತಯಾರಕರ ಹೆಸರು, ದೇಶ ಇಲ್ಲದ ಗ್ಲೌಸ್ ಕೊಳ್ಳಬೇಡಿ. ಇದ್ದರೆ, ಕೆಲಸಗಾರರ ನೇಮಕಾತಿ ಖರ್ಚು ಯಾರು ಕೊಟ್ಟರೆಂದು ಸರಬರಾಜುದಾರರನ್ನು ಲಿಖಿತವಾಗಿ ಕೇಳಿ.

ಎರಡನೆಯದು ಯೂನಿಫಾರಂ. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ಸುಮಂಗಲಿ ಎಂಬ ಹೆಸರಿನಲ್ಲಿ ಹದಿಹರೆಯದ ಹುಡುಗಿಯರನ್ನು ಹಾಸ್ಟೆಲಿನಲ್ಲಿಟ್ಟು, ಮೂರು ವರ್ಷದ ಕೊನೆಗೆ ಮದುವೆಗೆಂದು ಇಡಿಗಂಟು ಕೊಡುವುದಾಗಿ ಹೇಳಿ ದುಡಿಸಿದ್ದು ದಾಖಲಾಗಿದೆ. ನಡುವೆ ಬಿಟ್ಟರೆ ಗಂಟಿಲ್ಲ. ಇದೂ ಹೋಲ್ಡ್ ಸಂಬಳವೇ, ಹೆಸರು ಮಾತ್ರ ಬೇರೆ. ಚಿಕ್ಕಪೇಟೆಯಲ್ಲಿ ರೆಡಿಮೇಡ್ ಕೊಳ್ಳುವುದಕ್ಕಿಂತ, ಬಟ್ಟೆಯ ಗಿರಣಿ ಯಾವುದೆಂದು ಬಿಲ್ಲಿನಲ್ಲಿ ಬರೆದುಕೊಡುವವರಿಂದ ಥಾನು ಕೊಂಡು ಇಲ್ಲಿನ ಸ್ವಸಹಾಯ ಸಂಘದ ಹೆಂಗಸರಿಂದ ಹೊಲಿಸುವುದು ಉತ್ತಮ. ಬೆಲೆ ಸ್ವಲ್ಪ ಹೆಚ್ಚಾದರೂ ಅಳತೆ ಸರಿಯಾಗಿ ಕೂರುತ್ತದೆ. ಪಾಮ್ ಎಣ್ಣೆಯ ಸಾಬೂನು, ಮೈಕ್ರೋಫೈಬರ್ ಬಟ್ಟೆಗಳ ಮೂಲ ಹುಡುಕುವುದನ್ನು ನಂತರಕ್ಕಿಡಿ. ಮೊದಲು ನಿಮ್ಮ ಸೈಟಿನಲ್ಲಿ ನಿಂತವರ ಸಾಲ ಬಿಡಿಸಿ.

ಸಿಕ್ಕಿದಾಗ

ಏಜೆನ್ಸಿಯಲ್ಲಿ ಜೀತ ಕಂಡಿತು ಎಂದಿಟ್ಟುಕೊಳ್ಳಿ. ಆ ದಿನವೇ ಕರಾರು ರದ್ದು ಮಾಡಿ ಎಲ್ಲರನ್ನೂ ಹೊರಗೆ ಕಳಿಸುವುದು ಸುಲಭ, ಕಂಪನಿಯ ಹೆಸರೂ ಉಳಿಯುತ್ತದೆ. ಆದರೆ ಕೆಲಸಗಾರರು ಅದೇ ಸಾಲದ ಜೊತೆ ಬೇರೆ ಸೈಟಿಗೆ ಹೋಗುತ್ತಾರೆ. ಅದಕ್ಕಿಂತ ಮೊದಲು ಅವರನ್ನು ಕಂಪನಿಯ ನೇರ ಪಟ್ಟಿಗೆ ತಂದುಕೊಳ್ಳಿ, ನೇಮಕಾತಿ ಪತ್ರ ಕೊಡಿ, ಕಾಗದಪತ್ರ ವಾಪಸ್ ಕೊಡಿಸಿ, ಬಾಕಿ ಸಂಬಳವನ್ನು ಏಜೆನ್ಸಿ ಬಿಲ್ಲಿನಿಂದ ಹಿಡಿದು ಅವರ ಖಾತೆಗೆ ಹಾಕಿ. ಕರಾರು ರದ್ದತಿ ಆಮೇಲೆ. ‘ಯಾವುದೇ ಬಾಕಿ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಬೇಡಿ.

ಓಡಾಟಕ್ಕೆ ತಡೆ, ಬೆದರಿಕೆ, ಹೊಡೆತ ಅಥವಾ ಮಕ್ಕಳ ದುಡಿಮೆ ಇದ್ದರೆ ಅದು ಕಂಪನಿಯೊಳಗೆ ಬಗೆಹರಿಸುವ ವಿಷಯವಲ್ಲ. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಬರೆದು ತಿಳಿಸಬೇಕು. ಅವರು ವಿಚಾರಣೆ ನಡೆಸಿ ಕೊಡುವ ಬಿಡುಗಡೆ ಪ್ರಮಾಣಪತ್ರದಿಂದ ಸಾಲ ರದ್ದಾದದ್ದು ದಾಖಲಾಗುತ್ತದೆ. ಕೇಂದ್ರದ ಪುನರ್ವಸತಿ ಯೋಜನೆಯಡಿ ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನಿಗದಿಯಾಗಿದೆ. ವಕೀಲರಿಗೆ ಕೆಲಸಗಾರರು ದುಡ್ಡು ಕೊಡಬೇಕಿಲ್ಲ, ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿದರೆ ಉಚಿತ ನೆರವು ಸಿಗುತ್ತದೆ. ಆ ಸಂಖ್ಯೆಯನ್ನು ಕನ್ನಡ, ಹಿಂದಿ, ಒಡಿಯಾ, ಬಂಗಾಳಿ, ತೆಲುಗಿನಲ್ಲಿ ಬರೆಸಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಹಾಕಿ, ಸೂಪರ್‌ವೈಸರ್ ಮೇಜಿನ ಹಿಂದೆ ಬೇಡ. ಇಲ್ಲೇ ಮುಂದುವರಿಯುವುದೋ ಊರಿಗೆ ಹೋಗುವುದೋ ಎಂದು ಅವರೇ ಹೇಳಲಿ. ಊರಿಗೆ ಎಂದರೆ ಟಿಕೆಟ್ ಮತ್ತು ದಾರಿಯ ಊಟದ ಖರ್ಚು ಕಂಪನಿಯದು.